ಅಧ್ಯಕ್ಷೆಗೆ ಅಭಿನಂದನೆಗಳು

ಮತ್ತೆ ನಡುಗಿತು, ಕೋಟಿನ ಜೇಬಿನೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಗುಂಯ್ ಎಂದು ಸುಮ್ಮನಾಯಿತು, ನೋಡಬಾರದು ನೋಡಬಾರದು ಅಂದುಕೊಳ್ಳುತ್ತಲೇ ಕೈ ಒಳಗೆ ಹೋಯಿತು, ಫೋನು ಬೆಚ್ಚಗಿದೆ, ಬೆಳಗಿನಿಂದ ನಡುಗಿ ನಡುಗಿ ಜ್ವರ ಹಿಡಿದ ಹಾಗೆ — ರಾಟರ್‌ಡ್ಯಾಮಿನ ಯಾರೋ ಗಡ್ಡದವನು, ಜನ್ಮದಲ್ಲಿ ಮುಖ ಕಂಡವನಲ್ಲ, ಅಭಿನಂದನೆಗಳು ವೀಬ್ಕೆ, ಹೊಸ ಹುದ್ದೆಯಲ್ಲಿ ಮಿಂಚು ಅಂತ ಬರೆದಿದ್ದಾನೆ. ಮಿಂಚಬೇಕಂತೆ. ಐವತ್ತೆಂಟು ವರ್ಷ, ಎಡಮಂಡಿ ಹೇಳಿದ ಮಾತು ಕೇಳುವುದಿಲ್ಲ, ಬಂದರಿನ ಕಾಗದಪತ್ರದ ಕೆಲಸ ಮಾರ್ಚಿನಲ್ಲಿ ಹೋಯಿತು, ಈಗ ಅಕ್ಟೋಬರಿನ ಕೊನೆ, ಯಾವ ಹುದ್ದೆಯಲ್ಲಿ ಮಿಂಚಲಿ ನಾನು. ಫೆರಿ ದೋಣಿ ಫಿಂಕನ್‌ವೆರ್ಡರಿನ ಜೆಟ್ಟಿ ಬಿಟ್ಟು ಎಲ್ಬೆಯ ನಡುನೀರಿನ ಕಡೆ ಮೂತಿ ತಿರುಗಿಸಿದೆ, ಕಿಟಕಿಯ ಗಾಜಿಗೆ ಸಣ್ಣಮಳೆ ಓರೆಯಾಗಿ ಗೀಚುತ್ತಿದೆ, ಮೇಲಿನ ಅಂತಸ್ತಿನಲ್ಲಿ ಪ್ರವಾಸಿಗರ ಕಾಲಿನ ಸದ್ದು, ಕೆಳಗೆ ಡೀಸೆಲ್ಲಿನ ವಾಸನೆ, ಒದ್ದೆ ನಾಯಿಯ ವಾಸನೆ, ನನ್ನದೇ ಕೋಟಿನ ಬೀರುವಿನ ವಾಸನೆ, ಸಂದರ್ಶನಕ್ಕೆಂದು ತೆಗೆದಿಟ್ಟ ಕೋಟು, ಸಂದರ್ಶನವೇ ಇಲ್ಲದೆ ಹಾಕಿಕೊಂಡು ಹೊರಟಿದ್ದೇನೆ. ಮಧ್ಯಾಹ್ನದೊಳಗೆ ಗೆಳತಿ ಗೆಜಿನಾಳ ಎದುರು ನಿಂತು ಒಂದು ಮಾತು ಹೇಳಬೇಕು, ನನಗೆ ಯಾವ ಕೆಲಸವೂ ಸಿಕ್ಕಿಲ್ಲ ಮಾರಾಯ್ತಿ, ಆ ಜಾಗ ನನಗೆ ಬೇಕು, ಅಷ್ಟೇ, ಒಂದೇ ಉಸಿರಿನ ಮಾತು, ಅದನ್ನು ಹೇಳಲು ನದಿ ದಾಟಬೇಕಾಗಿ ಬಂತಲ್ಲ.

ತಪ್ಪು ನನ್ನದೇ — ಅಲ್ಲ, ಅರ್ಧ ನನ್ನದು, ಉಳಿದರ್ಧ ಆ ಉದ್ಯೋಗಸ್ಥರ ಜಾಲತಾಣದ್ದು. ಉದ್ಯೋಗ ಕಚೇರಿಯಲ್ಲಿ ನನ್ನನ್ನು ನೋಡಿಕೊಳ್ಳುವ ಬ್ರಾಮರ್, ಸಭ್ಯ ಮನುಷ್ಯ, ಮೊನ್ನೆ ಪರದೆಯನ್ನು ನನ್ನ ಕಡೆ ತಿರುಗಿಸಿ, ನೋಡಿ ಹಾರ್ಮ್ಸ್ ಅವರೇ, ಮಾರ್ಚಿನಿಂದ ಈಚೆಗೆ ನಿಮ್ಮ ಪುಟ ಖಾಲಿ, ಇದು ಮುಂದಿನ ಹಲ್ಲು ಬಿದ್ದ ಹಾಗೆ ಕಣ್ರೀ, ನೋಡೋರ ಕಣ್ಣೆಲ್ಲಾ ಅಲ್ಲಿಗೇ ಹೋಗುತ್ತೆ, ಏನಾದ್ರೂ ತುಂಬಿ ಅಂದ. ಸುಳ್ಳು ಬರೆಯೋಕಾಗುತ್ತಾ ಅಂದೆ. ಅಯ್ಯೋ, ಸುಳ್ಳು ಯಾರು ಬರೀರಿ ಅಂದ್ರು, ಏನೂ ಮಾಡದೇ ಸುಮ್ನೆ ಕೂತಿದ್ದೀರಾ ನೀವು? ಕೂತಿಲ್ಲ, ಕೂರುವವಳಲ್ಲ, ನಮ್ಮ ಹೊಳೆದಂಡೆಯ ಬಾಡಿಗೆ ತೋಟಗಳಿವೆಯಲ್ಲ, ಒಬ್ಬೊಬ್ಬರಿಗೆ ಒಂದೊಂದು ತುಂಡು ನೆಲ, ಒಂದೊಂದು ಮರದ ಮನೆ, ಆ ತೋಟಗಾರರ ಸಂಘಕ್ಕೆ ಏಪ್ರಿಲಿನಲ್ಲಿ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ, ಹಿಂದಿನ ಅಧ್ಯಕ್ಷ ಮುದುಕ ಹಿನ್ನರ್ಕ್‌ಗೆ ಕಣ್ಣಿನ ಪೊರೆ ಬಂತೆಂದು. ಬರೀರಿ ಮತ್ತೆ, ಅದೂ ಹೊಣೆಯ ಕೆಲಸವೇ ಅಂದ ಬ್ರಾಮರ್, ಖುಷಿಯಿಂದ. ಬರೆದೆ. ಮೊನ್ನೆ ಅಂದದ್ದನ್ನು ನಿನ್ನೆ ಸಂಜೆ ಕೂತು ಬರೆದೆ. ನಮ್ಮಲ್ಲಿ ನಾಲ್ಕು ಜನ ಸೇರಿ ಮೊಲ ಸಾಕಿದರೂ ಅದಕ್ಕೊಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ, ನ್ಯಾಯಾಲಯದಲ್ಲಿ ನೋಂದಣಿ, ಹಾಗಿರುವಾಗ ನಾನು ಬಾಯಿಗೆ ಬಂದದ್ದನ್ನು ಬರೆಯಲು ಬರುತ್ತದೆಯೇ, ನೋಂದಣಿಯಲ್ಲಿ ಹೇಗಿದೆಯೋ ಹಾಗೇ ಬರೆದೆ, ಎಲ್ಬೆ ದಂಡೆ ನೋಂದಾಯಿತ ಸಂಘ, ಹುದ್ದೆ: ಅಧ್ಯಕ್ಷೆ. ಟೊಮೇಟೊ ಬೆಳೆಯುವವರ ಕೂಟ ಅಂತ ಬರೆದಿದ್ದರೆ ಇವತ್ತು ಮನೆಯಲ್ಲಿ ಕಾಫಿ ಕುಡಿಯುತ್ತಾ ಇರುತ್ತಿದ್ದೆ. ಪೂರ್ಣಾವಧಿಯೋ ಅರೆಕಾಲಿಕವೋ ಅಂತ ಕೇಳಿತು ತಾಣ, ಸಂಬಳವಿಲ್ಲದ್ದು ಅನ್ನುವುದಕ್ಕೆ ಜಾಗವೇ ಇರಲಿಲ್ಲ, ಅಧ್ಯಕ್ಷಗಿರಿ ಅರ್ಧ ಹೊತ್ತಿನದು ಹೇಗಾಗುತ್ತದೆ, ನಡುರಾತ್ರಿ ಪೈಪು ಒಡೆದರೂ ನನಗೇ ಕರೆ ಬರುವುದು, ಹಾಗಾಗಿ ಪೂರ್ಣಾವಧಿ ಅಂತ ಒತ್ತಿದೆ. ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ, ನಿನ್ನ ಬಳಗಕ್ಕೆ ತಿಳಿಸಲೇ, ಅದರ ಮುಂದಿನ ಚೌಕದಲ್ಲಿ ಸರಿ ಎಂಬ ಗುರುತು, ನಾನು ಹಾಕಿದ್ದಲ್ಲ, ಅದೇ ಹಾಕಿಕೊಂಡು ಕೂತಿತ್ತು. ಬೆಳಗಾಗುವಷ್ಟರಲ್ಲಿ ಇಡೀ ಬಂದರಿಗೆ ಡಂಗುರ — ವೀಬ್ಕೆ ಹಾರ್ಮ್ಸ್ ಎಲ್ಬೆ ದಂಡೆಯ ಅಧ್ಯಕ್ಷೆಯಾದಳು. ಏನೋ ದೊಡ್ಡ ಹಡಗುಕಂಪನಿ ಅನ್ನಬೇಕು ಕೇಳಿದವರು, ಅಂದುಕೊಂಡರು ಕೂಡ.

ಗೆಜಿನಾಳೂ ಅಂದುಕೊಂಡಳು, ತೋಟದ ಸಂಘದ ಹೆಸರಾಗಲಿ ನನ್ನ ಅಧ್ಯಕ್ಷಗಿರಿಯಾಗಲಿ ಅವಳಿಗೆ ಹೇಳಿದವಳಲ್ಲ ನಾನು. ಮೇ ತಿಂಗಳಲ್ಲಿ ನಮ್ಮ ತೋಟದ ಬೆಂಚಿನ ಮೇಲೆ ಕೂತು, ನಾನು ಮಾಡಿದ ರೂಬಾರ್ಬ್ ಕೇಕು ತಿನ್ನುತ್ತಾ, ಬಾಯ್ತುಂಬ ತುಂಬಿಕೊಂಡೇ ಹೇಳಿದ್ದಳು, ನಮ್ಮ ರಫ್ತು ವಿಭಾಗದಲ್ಲಿ ಚಳಿಗಾಲಕ್ಕೆ ಒಬ್ಬಳು ನಿವೃತ್ತಿ ಆಗ್ತಾಳೆ, ಆ ಕುರ್ಚಿ ನಿಂದು, ನೀನು ಯಾರ ಹತ್ರಾನೂ ಬಾಯಿ ಬಿಡಬೇಡ, ನಮ್ಮೋರು ಮೆಲ್ಲಗೆ ನಡೆಯೋರು, ನಾನು ದಾರಿ ಮಾಡ್ತೀನಿ. ನಾನು ಬಾಯಿ ಬಿಡಲಿಲ್ಲ, ಬಾಯಿ ಬಿಡದೆ ಇರುವುದು ನನಗೆ ಬರುವ ಒಂದೇ ವಿದ್ಯೆ, ಜೂನ್ ಹೋಯಿತು ಜುಲೈ ಹೋಯಿತು, ಏನಾಯಿತೇ ಅಂತ ಒಂದು ಸಲವೂ ಕೇಳಲಿಲ್ಲ, ಕೇಳಿದರೆ ಬೇಡಿದ ಹಾಗಾಗುತ್ತದೆ. ಇವತ್ತು ಬೆಳಗಾಗೆದ್ದು ತಾಣದಲ್ಲಿ ನೋಡಿದರೆ ಅವಳ ಸಂದೇಶ, ಮಾರಾಯ್ತಿ! ಅಧ್ಯಕ್ಷೆ! ನನಗೊಂದು ಮಾತು ಹೇಳಬಾರದಿತ್ತಾ ಕಳ್ಳಿ, ನಿನಗೋಸ್ಕರ ಆ ಜಾಗ ಹಿಡಿದಿಟ್ಟು ಸಾಹೇಬರ ಹತ್ರ ಬೈಸಿಕೊಂಡು ಸಾಕಾಗಿತ್ತು, ಇರಲಿ, ನಿಜವಾಗ್ಲೂ ಖುಷಿ ಆಯ್ತು, ಇವತ್ತು ಮಧ್ಯಾಹ್ನ ಬ್ರೆಮೆನ್ನಿನ ಹುಡುಗಿ ಬರ್ತಾಳೆ, ಅವಳಿಗೇ ಕೊಟ್ಟುಬಿಡ್ತೀವಿ — ಅದರ ಕೆಳಗೆ ಹಳದಿ ಕೈಗಳು, ಚಪ್ಪಾಳೆ, ಒಂದು ಜೊತೆಯಲ್ಲ, ಒಂದು ಸಾಲು. ಇಲ್ಲ ಗೆಜಿನಾ ಅಂತ ಬರೆಯಲು ಹೋದರೆ ಆ ತಾಣ ನನ್ನ ಬಾಯಿಗೆ ಮೊದಲೇ ಮಾತು ತುರುಕಿತ್ತು, ಮೂರು ಸಿದ್ಧ ಉತ್ತರ ಸಾಲಾಗಿ ಇಟ್ಟಿತ್ತು, ಹೆಬ್ಬೆರಳು ದಪ್ಪ, ತಗುಲಿತು, ಹೋಯಿತು — ಧನ್ಯವಾದ, ನಾನು ತುಂಬಾ ಉತ್ಸುಕಳಾಗಿದ್ದೇನೆ! ಉತ್ಸುಕಳು. ಐವತ್ತೆಂಟು ವರ್ಷದಲ್ಲಿ ನಾನು ಉತ್ಸುಕಳು ಅಂತ ಯಾರಿಗೂ ಹೇಳಿಕೊಂಡವಳಲ್ಲ, ಮದುವೆ ದಿನವೂ ಪರವಾಗಿಲ್ಲ ಅಂದಿದ್ದೆ, ಪುಣ್ಯಾತ್ಮ ಅದನ್ನೇ ಸಾಯುವ ತನಕ ಹೇಳಿ ನಗುತ್ತಿದ್ದ. ಆಮೇಲೆ ಉದ್ದಕ್ಕೆ ಬರೆದೆ, ಇದು ತೋಟದ ಸಂಘ, ನೀನೇ ಬೆಂಚಿನ ಮೇಲೆ ಕೂತಿದ್ದೆಯಲ್ಲ ಅದೇ ತೋಟ ಅಂತ, ಅವಳು ನೋಡಲಿಲ್ಲ, ಬೆಳಗಿನ ರೈಲಿನಲ್ಲಿ ಹೆಬ್ಬೆರಳಲ್ಲಿ ಎಲ್ಲರನ್ನೂ ಅಭಿನಂದಿಸಿ ಮುಗಿಸಿ, ಕಚೇರಿಗೆ ಹೋದ ಮೇಲೆ ಫೋನನ್ನು ಡ್ರಾಯರಿಗೆ ಹಾಕುವವಳು, ಎದುರಿಗೆ ಮನುಷ್ಯರು ಕೂತಿರುವಾಗ ಫೋನು ನೋಡಬಾರದು ಅನ್ನುವವಳು, ಅದನ್ನು ಹೊಗಳಿದವಳೂ ನಾನೇ. ಕಚೇರಿಯ ಸಂಖ್ಯೆಗೆ ಕರೆ ಮಾಡಿದರೆ ಯಂತ್ರದ ಹೆಣ್ಣುದನಿ, ಒಂದನ್ನು ಒತ್ತಿ ಎರಡನ್ನು ಒತ್ತಿ, ಒತ್ತಿದೆ, ಒತ್ತಿದೆ, ಹಾಡು ಹಾಕಿ ಕೂರಿಸಿತು, ಚಪ್ಪಲಿ ಬದಲಿಸಿ ಜೆಟ್ಟಿಗೆ ಓಡಿದೆ.

ಇದೇ ತಾಣ. ನಗು ಬರುತ್ತದೆ, ನಗುವಲ್ಲ ಏನೋ ಬರುತ್ತದೆ, ಗೆಜಿನಾ ನನಗೆ ಸಿಕ್ಕಿದ್ದೇ ಇದರಲ್ಲಿ, ಆಗ ಇದು ಹೀಗಿರಲಿಲ್ಲ, ಆಗ ಪ್ರತಿಯೊಬ್ಬರ ಪುಟದಲ್ಲೂ ಎರಡೇ ಮುಖ್ಯ ಸಾಲು, ನನಗೆ ಬೇಕಾದದ್ದು, ನಾನು ಕೊಡಬಲ್ಲದ್ದು, ಅಂಗಡಿಯ ಬಾಗಿಲಿಗೆ ಬರೆದು ಅಂಟಿಸಿದ ಹಾಗೆ, ಅದರಲ್ಲಿ ನಾಚಿಕೆ ಇರಲಿಲ್ಲ, ಎಲ್ಲರಿಗೂ ಏನಾದರೂ ಬೇಕಿತ್ತು. ನನಗೆ ಬೇಕಾದದ್ದು ಅನ್ನುವ ಕಡೆ ನಾನು ಬರೆದಿದ್ದೆ, ಸಾಂಟೋಸ್ ಬಂದರಿನ ಸುಂಕದವರ ಮರ್ಜಿ ಬಲ್ಲವರು. ಮಾರನೆಯ ದಿನವೇ ಬಂತು, ಗೌರವಾನ್ವಿತ ಹಾರ್ಮ್ಸ್ ಅವರಿಗೆ, ನನಗೆ ಸಾಂಟೋಸ್ ಗೊತ್ತು, ನಿಮಗೆ ಸೇಂಟ್ ಪೀಟರ್ಸ್‌ಬರ್ಗ್ ಗೊತ್ತಿದೆ ಎಂದು ಕಾಣುತ್ತದೆ, ಅದಲುಬದಲು ಮಾಡಿಕೊಳ್ಳಬಹುದೇ, ವಿಶ್ವಾಸಿ ಗೆಜಿನಾ ಟೀಟ್ಯೆನ್. ನೀವು ನೀವು ಅಂತಲೇ ವರ್ಷಗಟ್ಟಲೆ ಬರೆದುಕೊಂಡೆವು. ತಿಂಗಳಿಗೊಮ್ಮೆ ತಾಣದ ಗುಂಪಿನವರೆಲ್ಲ ಆಲ್ಟೋನಾದ ಮೀನುಮಾರುಕಟ್ಟೆ ಹಿಂದಿನ ಹೋಟೆಲಿನಲ್ಲಿ ಸೇರುತ್ತಿದ್ದೆವು, ಬಂದರಿನ ಕಾಗದಪತ್ರದ ಹೆಂಗಸರು, ಗುಂಪು ನೋಡಿಕೊಳ್ಳುವವಳು ನಾನು, ದೊಡ್ಡ ಮೇಜು, ಹುರಿದ ಹೆರಿಂಗು ಮೀನು, ಆಲೂಗೆಡ್ಡೆ, ಬಿಯರು, ಯಾರೂ ತನ್ನನ್ನು ಹೊಗಳಿಕೊಳ್ಳುತ್ತಿರಲಿಲ್ಲ, ಹೊಗಳಿಕೊಂಡರೆ ಪಕ್ಕದವಳು ಉಪ್ಪು ಕೊಡೇ ಅಂತ ಮಾತು ಕಡಿಯುತ್ತಿದ್ದಳು. ಒಬ್ಬಳು ಎದ್ದು ನಿಂತು, ನನ್ನ ಕೆಲಸ ಹೋಯ್ತು, ಯಾರಿಗಾದ್ರೂ ಗೊತ್ತಿದ್ರೆ ಹೇಳ್ರಪ್ಪ ಅಂದರೆ ಅಷ್ಟೇ, ತಟ್ಟೆ ಖಾಲಿಯಾಗುವುದರೊಳಗೆ ಅವಳ ಮುಂದೆ ನಾಲ್ಕು ಹೆಸರು. ಅಲ್ಲಿಯೇ ಒಂದು ಸಂಜೆ ಗೆಜಿನಾ ಲೋಟ ಎತ್ತಿ, ಇನ್ನು ನೀವು ಗೀವು ಬೇಡ ಕಣೇ ಅಂದದ್ದು, ಆ ನೀನು ಸಿಗಲು ನನಗೆ ಎಷ್ಟು ವರ್ಷ ಬೇಕಾಗಿತ್ತು. ಆಮೇಲೆ ಒಂದು ಬೆಳಗ್ಗೆ ತಾಣವೇ ನೀನು ಅನ್ನತೊಡಗಿತು, ಎಲ್ಲರಿಗೂ, ಹೇಳದೆ ಕೇಳದೆ, ಹಾಯ್ ವೀಬ್ಕೆ, ನೀನು ಇವತ್ತು ಯಾರನ್ನು ಬೆರಗುಗೊಳಿಸುತ್ತೀಯ? ಗುರುತಿಲ್ಲದವನು ಬಂದು ಹೆಗಲ ಮೇಲೆ ಕೈ ಹಾಕಿದ ಹಾಗೆ. ಅದರ ಮುಂದಿನ ವರ್ಷ ಗುಂಪುಗಳನ್ನು ಮುಚ್ಚುತ್ತಿದ್ದೇವೆ, ಬಳಕೆ ಕಡಿಮೆ, ನಿನ್ನ ನಂಬಿಕೆಗೆ ವಂದನೆ ಅಂತ ಎರಡು ಸಾಲು. ಮೊದಮೊದಲು ಫೋನಿನಲ್ಲಿ ಕರೆದು ಸೇರಿಸಿದೆ, ಮೇಜು ದೊಡ್ಡದಾಗಿ ಕಂಡಿತು, ಆಮೇಲೆ ಸಣ್ಣ ಮೇಜು ಸಾಕಾಯಿತು, ಆಮೇಲೆ ಹೋಟೆಲಿನವನೇ, ಇವತ್ತೂ ಇಬ್ಬರೇನಾ ಅಂತ ಕೇಳಿದ.

ಏನಮ್ಮಾ ಅಧ್ಯಕ್ಷರೇ, ಪೇಟೆಗೆ ಸವಾರಿಯಾ — ಹಿನ್ನರ್ಕ್, ಮುದುಕ, ಯಾವಾಗ ಹತ್ತಿದನೋ, ಕೋಲು ಊರಿಕೊಂಡು ಎದುರಿಗೇ ಬಂದು ಕೂತ, ಕಪ್ಪು ಕನ್ನಡಕ. ಮೊಯಿನ್ ಅಂದೆ, ನಮ್ಮ ಕಡೆಯ ನಮಸ್ಕಾರ. ಮೊಯಿನ್ ಮೊಯಿನ್, ಕಣ್ಣು ಡಾಕ್ಟರ ಹತ್ರ ಹೊರಟೆ ಕಣಮ್ಮ, ನಿನ್ನ ಕೋಟಿನ ಬಣ್ಣ ನೋಡಿ ಯಾರೋ ಸತ್ತಿದಾರೆ ಅಂದ್ಕೊಂಡೆ. ಇನ್ನೂ ಸತ್ತಿಲ್ಲ ಅಂದೆ. ನೀರು ಯಾವಾಗ ನಿಲ್ಲಿಸ್ತೀಯ, ಚಳಿ ಬೀಳಕ್ಕೆ ಮೊದ್ಲೇ ದೊಡ್ಡ ನಲ್ಲಿ ಮುಚ್ಚಬೇಕು ನೋಡು, ಹೋದ ಸಲ ನಾನು ಒಂದೇ ಒಂದು ವಾರ ತಡ ಮಾಡಿದ್ದಕ್ಕೆ ಪೈಪೆಲ್ಲಾ ಸಿಡಿದು ಹೋಯ್ತು, ಆಮೇಲೆ ಆ ಕೊನೇ ತೋಟದವನ ಬೇಲಿ ಗಿಡ ನೋಡಿದ್ಯಾ, ಜಿರಾಫೆ ಸಾಕಿದಾನೆ ಅನ್ಬೇಕು, ಕತ್ತರಿಸೋಕೆ ನೋಟೀಸು ಕೊಡ್ತೀಯೋ ಇಲ್ವೋ. ಕೊಡ್ತೀನಿ ಹಿನ್ನರ್ಕ್. ಕೊಡ್ತೀನಿ ಕೊಡ್ತೀನಿ ಅಂತ ಬೇಸಿಗೆ ಮುಗೀತಲ್ಲ, ಅಧ್ಯಕ್ಷೆ ಆದೋಳು ಸ್ವಲ್ಪ ಗದರಬೇಕಮ್ಮ, ನೀನೋ ಬೆಕ್ಕಿಗೂ ದಯವಿಟ್ಟು ಅಂತೀಯ. ಜೇಬು ಮತ್ತೆ ನಡುಗಿತು, ಅವನಿಗೂ ಕೇಳಿಸಿತು. ಯಾರದು, ನೀರಿಗೋ ಬೇಲಿಗೋ? ಅಭಿನಂದನೆ ಹಿನ್ನರ್ಕ್ ಅಂದೆ, ನಾನು ಅಧ್ಯಕ್ಷೆ ಆದದ್ದಕ್ಕೆ, ಲಿಸ್ಬನ್ನಿಂದ, ಅಂಟ್ವರ್ಪಿನಿಂದ. ಮುದುಕ ಕನ್ನಡಕ ತೆಗೆದು, ಮಂಜಾದ ಕಣ್ಣಿಂದ ನನ್ನನ್ನೇ ನೋಡಿ, ಅಲ್ಲಾ, ಹನ್ನೊಂದು ವರ್ಷ ನಾನು ಅಧ್ಯಕ್ಷ ಆಗಿದ್ದೆ, ಒಬ್ಬನಾದ್ರೂ ಭೇಷ್ ಅಂದಿದ್ರೆ ಹೇಳು, ಅಂದ, ನಿಜವಾಗಿಯೂ ನೊಂದ ದನಿಯಲ್ಲಿ, ಅಂಟ್ವರ್ಪಿನೋರಿಗೆ ನಮ್ಮ ನಲ್ಲಿ ಚಿಂತೆ ಯಾಕಮ್ಮ? ನಗಬೇಕು, ನಗು ಬಂತು, ಕಿಟಕಿಯಾಚೆ ನೋಡಿದರೆ ದೋಣಿ ಚಲಿಸುತ್ತಿಲ್ಲ.

ಚಲಿಸುತ್ತಿಲ್ಲ, ನಿಂತೇ ಇದೆ, ಎಂಜಿನ್ನು ಸುಮ್ಮನೆ ಗುರುಗುಡುತ್ತಿದೆ, ಮುಂದುಗಡೆ ಬೆಟ್ಟದಂಥ ಕಂಟೇನರ್ ಹಡಗು, ಹಿಂದೊಂದು ಮುಂದೊಂದು ಎಳೆದೋಣಿ ಕಟ್ಟಿಕೊಂಡು ಮೆಲ್ಲಗೆ, ಹಬ್ಬದ ಎತ್ತಿನ ಹಾಗೆ ಮೆಲ್ಲಗೆ ಅಡ್ಡ ತಿರುಗುತ್ತಿದೆ, ಅದು ತಿರುಗುವ ತನಕ ಎಲ್ಲರೂ ಕಾಯಬೇಕು. ಇಂಥ ಹಡಗಿಗೇ ನಾನು ಮೂವತ್ತು ವರ್ಷ ಕಾಗದ ಬರೆದೆ, ಯಾವ ಪೆಟ್ಟಿಗೆಯಲ್ಲಿ ಏನಿದೆ, ಎಲ್ಲಿಗೆ, ಯಾರಿಗೆ, ಇದ್ದದ್ದನ್ನು ಇದ್ದ ಹಾಗೆ, ಒಂದು ಅಕ್ಷರ ಹೆಚ್ಚು ಬರೆದರೆ ಪೆಟ್ಟಿಗೆ ಬಂದರಿನಲ್ಲೇ ಕೊಳೆಯುತ್ತದೆ ಅನ್ನುವ ಭಯದಲ್ಲಿ ಬೆಳೆದ ಕೈ ಇದು, ಈ ಕೈಯಿಂದ ಈ ತಾಣದವರು ಏನೇನು ಬರೆಸಲು ನೋಡುತ್ತಾರೆ, ನನ್ನ ಸೋಲು ನನಗೆ ಕಲಿಸಿದ ಪಾಠ ಅಂತ ಬರಿ ವೀಬ್ಕೆ, ಅಳುತ್ತಿರುವ ಫೋಟೋ ಹಾಕು ವೀಬ್ಕೆ, ನಿನ್ನ ಬದಲು ನಾನೇ ಬರೆದುಕೊಡಲೇ ವೀಬ್ಕೆ. ಕೆಲಸ ಹೋದವರು ಕೂಡ ಈಗ ಕೃತಜ್ಞತೆ ಅಂತ ಬರೆಯುತ್ತಾರೆ, ಬಾಗಿಲಿನಿಂದ ಹೊರಗೆ ದಬ್ಬಿದವರಿಗೆ ಕೃತಜ್ಞತೆ, ಅದಕ್ಕೆ ಚಪ್ಪಾಳೆ, ಯಾರದೋ ತಾಯಿ ಸತ್ತಳು, ಅದರಿಂದ ನಾಯಕತ್ವದ ಬಗ್ಗೆ ಕಲಿತೆ ಅಂತ ಬರೆದಿದ್ದ ಒಬ್ಬ, ಅದಕ್ಕೂ ಚಪ್ಪಾಳೆ. ಗೆಜಿನಾ ಕೂಡ. ಹೋದ ಚಳಿಗಾಲ ಅವಳ ನಾಯಿಯಿಂದ ಕಲಿತ ಮೂರು ಪಾಠ ಅಂತ ಬರೆದಿದ್ದಳು, ಓದಿ ಫೋನು ಮಾಡಿದೆ, ಗೆಜಿನಾ, ನಿನ್ನ ನಾಯಿ ಸೋಫಾ ಹರಿದು ಹಾಕೋದು ಬಿಟ್ಟು ಏನು ಕಲಿಸಿತೇ ನಿನಗೆ? ಅವಳು ನಕ್ಕಳು, ಆಮೇಲೆ ಸ್ವಲ್ಪ ಸಿಟ್ಟಾದಳು, ಅದು ಯಂತ್ರ ಬರೆದಿದ್ದು ಕಣೇ, ನಾನು ಒತ್ತಿದೆ ಅಷ್ಟೇ, ಮೇಲಿನೋರು ವಾರಕ್ಕೊಂದು ಹಾಕು ಅಂತಾರೆ, ಎಲ್ಲರೂ ಹಾಗೇ, ನೀನೊಬ್ಬಳೇ ಇನ್ನೂ ಅಂಚೆ ಕಚೇರಿ ಹಾಗೆ ಕೂತಿದ್ದೀಯ. ಕೂತಿದ್ದೇನೆ. ಬಾಗಿಲು ತೆರೆದುಕೊಂಡೇ ಕೂತಿದ್ದೇನೆ, ಒಬ್ಬರೂ ಒಳಗೆ ಬರುವುದಿಲ್ಲ, ಹೊರಗಿನಿಂದಲೇ ಕೈ ತಟ್ಟಿ ಹೋಗುತ್ತಾರೆ. ಏಳು ತಿಂಗಳು ಖಾಲಿ ಇದ್ದಾಗ ಈ ನೂರಾರು ಜನ ಎಲ್ಲಿದ್ದರು, ಒಂದು ದುಂಬಿಯೂ ಜೇಬಿನಲ್ಲಿ ಗುಂಯ್ಗುಟ್ಟಲಿಲ್ಲ, ನನಗೆ ಬೇಕಾದದ್ದು ಅನ್ನುವ ಸಾಲನ್ನು ಯಾರು ಯಾವತ್ತು ಅಳಿಸಿದರೋ ನನಗೆ ನೆನಪಿಲ್ಲ, ಒಂದು ದಿನ ನೋಡಿದರೆ ಇರಲಿಲ್ಲ, ಬೇಕು ಅನ್ನುವುದನ್ನು ಎಲ್ಲಿ ಬರೆಯಬೇಕು ಈಗ — ತಿರುಗೇ, ತಿರುಗೇ ಮಾರಾಯ್ತಿ ಹಡಗೇ, ಬ್ರೆಮೆನ್ನಿನ ರೈಲು ಯಾವತ್ತೂ ತಡವಾಗಿಯೇ ಬರುವುದು, ಇವತ್ತೂ ತಡವಾಗಲಿ, ಹಳಿಯ ಮೇಲೆ ಎಲೆ ಬಿದ್ದಿರಲಿ, ಯಾರಿಗೂ ಏನೂ ಆಗದ ಹಾಗೆ ಸ್ವಲ್ಪ ತಡವಾಗಲಿ. ಗೊಣಗ್ತಿದ್ದೀಯಲ್ಲಮ್ಮ ಅಂದ ಹಿನ್ನರ್ಕ್. ಇಲ್ಲ ಅಂದೆ. ಕೊನೆಗೂ ಹಡಗು ತಿರುಗಿತು, ನಾನಿಳಿಯುವ ಜೆಟ್ಟಿ ಬಂತು, ಹಗ್ಗ ಹಾಕುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದೆ, ನೀರು ಮರೀಬೇಡ ಅಧ್ಯಕ್ಷೆ ಅಂತ ಬೆನ್ನ ಹಿಂದಿನಿಂದ ಕೂಗಿದ.

ಏರುಸೇತುವೆ ಒದ್ದೆ, ಮಂಡಿ ಕಟ್ ಅಂತ ಸದ್ದು ಮಾಡಿತು, ಹೇಳುವ ಮಾತನ್ನು ಹೇಳಿಕೊಳ್ಳುತ್ತಾ ನಡೆ, ಗೆಜಿನಾ, ಕೆಲಸ ಸಿಕ್ಕಿಲ್ಲ, ಆ ಜಾಗ ನನಗೆ ಬೇಕು, ಬೇಕು ಅನ್ನುವುದನ್ನು ನುಂಗಬೇಡ, ಸಿಕ್ಕರೆ ಒಳ್ಳೆಯದಿತ್ತು ಅಂತ ತಿರುಚಬೇಡ, ಬೇಕು, ಬೇಕು ಅಂತಲೇ ಹೇಳು, ಕಡಲಹಕ್ಕಿಗಳು ಕಸದ ಡಬ್ಬಿಯ ಮೇಲೆ ಜಗಳವಾಡುತ್ತಿವೆ, ಅವಕ್ಕೆ ಹೇಳಿಕೊಡಬೇಕಾಗಿಲ್ಲ. ಗಾಜಿನ ಕಟ್ಟಡ, ಗಾಜಿನ ಬಾಗಿಲು, ಒಳಗೆ ಮೇಜಿನ ಹಿಂದೆ ಕೂತವಳು, ನಮಸ್ಕಾರ, ನಿಮಗೆ ಯಾರ ಜೊತೆ ಭೇಟಿ ಇದೆ? ಗೆಜಿನಾ ಟೀಟ್ಯೆನ್ ಅಂದೆ, ಭೇಟಿ ಗೊತ್ತುಮಾಡಿಕೊಂಡಿಲ್ಲ, ಆದರೆ ತುರ್ತು. ಹೆಸರು ಹೇಳಿದೆ, ಅವಳು ಪರದೆ ನೋಡಿ, ಓ ನೀವಾ, ನೀವೇ ಅಧ್ಯಕ್ಷೆ ಆದವರು, ಬೆಳಿಗ್ಗೆ ಗೆಜಿನಾ ಮೇಡಂ ಎಲ್ಲರಿಗೂ ಹೇಳ್ತಿದ್ರು, ಶುಭಾಶಯ ರೀ! ಅವರು ಅಲ್ಲೇ ಪಕ್ಕದ ಕೊಠಡೀಲಿದ್ದಾರೆ, ಇನ್ನೇನು ಮುಗೀತು ಅನ್ಸುತ್ತೆ, ಒಂದು ನಿಮಿಷ ಕೂತ್ಕೊಳ್ಳಿ. ಮುಗೀತು ಅಂದರೆ, ಮುಗೀತು ಅಂದರೆ ಏನು, ಕೂರಲಿಲ್ಲ, ನಡೆದೆ, ಕೊಠಡಿಗೂ ಗಾಜಿನ ಗೋಡೆ, ಇಲ್ಲಿ ಎಲ್ಲವೂ ಕಾಣುತ್ತದೆ ಏನೂ ಕೇಳುವುದಿಲ್ಲ, ಮೇಜಿನ ಮೇಲೆ ಕಾಫಿ ಬಟ್ಟಲು, ಬಿಸ್ಕತ್ತಿನ ತಟ್ಟೆ, ಬ್ರೆಮೆನ್ನಿನವಳು ಎದ್ದು ನಿಂತಿದ್ದಾಳೆ, ಹುಡುಗಿಯೇನಲ್ಲ, ನಲವತ್ತಾದರೂ ಇರಬೇಕು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಸಂದರ್ಶನಕ್ಕೆಂದು ತೆಗೆದಿಟ್ಟ ಕೋಟು ಅವಳದೂ, ಅವಳ ಕೈ ಗೆಜಿನಾಳ ಎರಡೂ ಕೈಗಳ ನಡುವೆ ಇದೆ, ಗೆಜಿನಾ ಆ ಕೈಯನ್ನು ಕುಲುಕುತ್ತಿದ್ದಾಳೆ, ಒಮ್ಮೆ, ಇನ್ನೊಮ್ಮೆ, ಬಿಡುತ್ತಲೇ ಇಲ್ಲ, ನಮ್ಮಲ್ಲಿ ಸುಮ್ಮನೆ ಯಾರೂ ಅಷ್ಟು ಹೊತ್ತು ಕೈ ಕುಲುಕುವುದಿಲ್ಲ, ಆ ಹೆಂಗಸಿನ ಮುಖ ಅಳುವುದಕ್ಕೂ ನಗುವುದಕ್ಕೂ ನಡುವೆ ಎಲ್ಲೋ ಸಡಿಲವಾಗಿ ತೂಗುತ್ತಿದೆ, ಕೆಲಸ ಸಿಕ್ಕಿದವರ ಮುಖ, ಆ ಮುಖ ನನಗೆ ಗೊತ್ತು, ಮೀನುಮಾರುಕಟ್ಟೆ ಹಿಂದಿನ ಮೇಜಿನಲ್ಲಿ ಎಷ್ಟು ಸಲ ನೋಡಿದ್ದೇನೆ. ತಟ್ಟಲು ಬೆರಳು ಮಡಚಿದ್ದೇನೆ, ಗಾಜಿಗೆ ಇನ್ನೊಂದು ಗೇಣು, ತಟ್ಟಿದರೆ ಆ ಮುಖ ಇತ್ತ ತಿರುಗುತ್ತದೆ, ತಿರುಗಿದ ಮುಖದ ಎದುರು ಬೇಕು ಅನ್ನಬೇಕು — ಗೆಜಿನಾ ತಲೆ ಎತ್ತಿದಳು, ನನ್ನನ್ನು ಕಂಡಳು, ಹುಬ್ಬು ಮೇಲೇರಿತು, ಬಾಯಿ ದೊಡ್ಡದಾಗಿ ತೆರೆದುಕೊಂಡಿತು, ಇದು ಯಂತ್ರ ಬರೆದುಕೊಟ್ಟ ಸಂತೋಷವಲ್ಲ, ಅವಳದೇ, ಇಪ್ಪತ್ತು ವರ್ಷದಿಂದ ಬಲ್ಲ ನನ್ನ ಗೆಜಿನಾಳದೇ, ಅಧ್ಯಕ್ಷೆ ತಾನೇ ಬಂದಳು ಅಂತಲೋ ಏನೋ ಆ ಹೆಂಗಸಿಗೆ ಹೇಳಿದಳು, ನನ್ನ ಕಡೆ ತೋರಿಸಿದಳು, ಹೆಂಗಸು ತಿರುಗಿ ಒದ್ದೆ ಕಣ್ಣಿನಲ್ಲೇ ನಕ್ಕಳು, ಗೆಜಿನಾ ಎರಡೂ ಕೈ ಎದೆಯ ಮುಂದೆ ಎತ್ತಿದಳು, ಬೇಡ, ಬೇಡ ಗೆಜಿನಾ, ಎತ್ತಿದಳು, ತಟ್ಟಿದಳು, ಅವಳನ್ನು ನೋಡಿ ಆ ಹೆಂಗಸೂ ತಟ್ಟಿದಳು, ಗಾಜಿನ ಆಚೆ ನಾಲ್ಕು ಕೈ, ಕೂಡುತ್ತವೆ ಬಿಡುತ್ತವೆ ಕೂಡುತ್ತವೆ, ಸದ್ದಿಲ್ಲ, ಕೂಡುತ್ತವೆ, ಸದ್ದಿಲ್ಲ, ಚಪ್ಪಾಳೆ